ಆನೆ ಕಂಡವರು, ಕಳ್ಳನನ್ನು ಮರೆತವರು

ಗುಬ್ಬಿ ಕಂಪನಿಯ ನೆನಪಿನ ಸಮಾರಂಭ ಯಾವ ಊರಲ್ಲೇ ನಡೆಯಲಿ, ಭಾಷಣಕಾರರು ಆನೆಯ ಹತ್ತಿರ ಬಂದೇ ಬರುತ್ತಾರೆ. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ವೀರಣ್ಣನವರು ನಿಜವಾದ ಆನೆ, ನಿಜವಾದ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು ಎಂಬಲ್ಲಿಗೆ ಸಭೆ ಚಪ್ಪಾಳೆ ತಟ್ಟುತ್ತದೆ, ಚಪ್ಪಾಳೆಯೊಂದಿಗೆ ವಿಮರ್ಶೆಯೂ ಮುಗಿಯುತ್ತದೆ. ತೊಂಬತ್ತು ವರ್ಷಗಳಿಂದ ನಡೆದು ಬಂದ ಈ ಆನೆಯ ಮೆರವಣಿಗೆ ಕನ್ನಡ ರಂಗಭೂಮಿಯ ದೊಡ್ಡದೊಂದು ಸಾಧನೆಯನ್ನು ಮರೆಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ವರ್ಷಗಳ ಲೆಕ್ಕವನ್ನೇ ನೋಡೋಣ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಕಟ್ಟಿದವರು ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಅವರ ಗೆಳೆಯರು. ವೀರಣ್ಣನವರು ಆಗಿನ್ನೂ ಹುಟ್ಟಿರಲಿಲ್ಲ. ಅವರು ಬಾಲನಟರಾಗಿ ಸೇರಿ, ಪಾರ್ಟು ಮಾಡಿ ಬೆಳೆದು, ಕೊನೆಗೆ ಮಾಲೀಕರಾದರು. ಆಮೇಲೆ ಪತ್ನಿಯರಾದ ಸುಂದರಮ್ಮ, ಬಿ. ಜಯಮ್ಮ, ಮಗಳು ಮಾಲತಮ್ಮ ಎಲ್ಲರೂ ಸೇರಿ ಅದೊಂದು ಮನೆತನದ ಕಂಪನಿಯಾಯಿತು. 1884ನ್ನು ಎಣಿಸಿ ಹಬ್ಬ ಮಾಡುವವರು ಚಂದಣ್ಣನವರ ಹೆಸರನ್ನೂ ಅಜೀಜ್ ಸಾಹೇಬರ ಹೆಸರನ್ನೂ ವೀರಣ್ಣನವರ ಹೆಸರಿನಷ್ಟೇ ಗಟ್ಟಿಯಾಗಿ ಹೇಳಬೇಕು. ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ.

‘ಕುರುಕ್ಷೇತ್ರ’ ಸಣ್ಣ ಕೆಲಸವೇನಲ್ಲ. ಕಂಪನಿಗೆ ಐವತ್ತು ತುಂಬಿದ ವರ್ಷ ಅದು. ಟಾಕಿ ಚಿತ್ರ ಆಗಷ್ಟೇ ಕನ್ನಡಕ್ಕೆ ಕಾಲಿಟ್ಟಿತ್ತು, ‘ಸತಿ ಸುಲೋಚನ’ ಬಂದದ್ದೂ ಅದೇ 1934ರಲ್ಲಿ. ಪರದೆಯ ಮೇಲಿನ ನೆರಳಿಗೆ ವೀರಣ್ಣನವರು ಉಸಿರಾಡುವ ಪ್ರಾಣಿಯನ್ನು ಉತ್ತರವಾಗಿ ಕೊಟ್ಟರು. ಆ ಧೈರ್ಯಕ್ಕೆ, ಅಷ್ಟು ಜನರನ್ನೂ ಪ್ರಾಣಿಗಳನ್ನೂ ದುಡಿಸಿದ ವ್ಯವಸ್ಥೆಗೆ ನಮಸ್ಕಾರ ಸಲ್ಲಬೇಕು. ಆದರೆ ಆನೆ ಅಭಿನಯಿಸುವುದಿಲ್ಲ. ಅದು ರಂಗಕ್ಕೆ ಬಂದ ಕ್ಷಣದಿಂದ ಪ್ರೇಕ್ಷಕನ ಕಣ್ಣು ದುರ್ಯೋಧನನನ್ನು ಬಿಟ್ಟು ಅದರ ಸೊಂಡಿಲಿನ ಮೇಲೆ ನಿಲ್ಲುತ್ತದೆ. ಅಲ್ಲಿಯವರೆಗೆ ನಟ ಕಟ್ಟಿದ ಯುದ್ಧದ ಭಯವನ್ನು ಅದು ಒಂದೇ ಹೆಜ್ಜೆಗೆ ಕಸಿದುಕೊಳ್ಳುತ್ತದೆ. ಹಳೇಬೀಡಿನ ಶಿಲ್ಪಿಗಳಿಗೆ ಇದು ಗೊತ್ತಿತ್ತು. ಹೊಯ್ಸಳೇಶ್ವರದ ಗೋಡೆಯಲ್ಲಿ ಸಾವಿರಕ್ಕೂ ಮಿಕ್ಕ ಆನೆಗಳು ಅತ್ಯಂತ ಕೆಳಗಿನ ಪಟ್ಟಿಯಲ್ಲಿವೆ. ಅಭಿಮನ್ಯು ಹೊಕ್ಕ ಚಕ್ರವ್ಯೂಹ ಇರುವುದು ಅವುಗಳ ಮೇಲಿನ ಕಥಾಪಟ್ಟಿಯಲ್ಲಿ. ಆನೆ ಭಾರ ಹೊರಬೇಕು, ಕಥೆ ಕಣ್ಣಿಗೆ ಬೀಳಬೇಕು. ನಮ್ಮ ರಂಗಚರಿತ್ರೆಕಾರರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಕಂಪನಿಯ ನಿಜವಾದ ಎತ್ತರ ಕಾಣುವುದು ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ, ಅದರಲ್ಲೂ ಕಳ್ಳನ ದೃಶ್ಯದಲ್ಲಿ. ಕಥೆ ಎಲ್ಲರಿಗೂ ಗೊತ್ತು. ಸದಾರಮೆ ಕಳ್ಳನ ಕೈಗೆ ಸಿಕ್ಕಿಬೀಳುತ್ತಾಳೆ, ಇವಳು ತನ್ನವಳಾದಳೆಂದು ಅವನು ಹಿಗ್ಗುತ್ತಾನೆ, ಅವಳು ಅವನನ್ನು ಮಾತಲ್ಲಿ ಮರುಳು ಮಾಡಿ ಪಾರಾಗುತ್ತಾಳೆ. ಆ ಕಳ್ಳನ ಪಾರ್ಟು ವೀರಣ್ಣನವರದು.

ಈ ಪಾರ್ಟು ಎಷ್ಟು ಕಷ್ಟದ್ದು ಎಂದು ಬಿಡಿಸಿ ನೋಡಬೇಕು. ಕಳ್ಳ ಮೊದಲು ಭಯ ಹುಟ್ಟಿಸಬೇಕು. ಒಂಟಿ ಹೆಣ್ಣು, ಯಾರ ನೆರವೂ ಇಲ್ಲದ ಹೊತ್ತು. ಅವಳಿಗೆ ಅಪಾಯವಿದೆ ಎಂದು ಟೆಂಟಿನ ಕೊನೆಯ ಸಾಲಿನಲ್ಲಿ ಕೂತವನಿಗೂ ಅನ್ನಿಸಬೇಕು. ಅನ್ನಿಸದಿದ್ದರೆ ಅವಳ ಜಾಣತನಕ್ಕೆ ಬೆಲೆ ಇಲ್ಲ. ಹಾಗೆಂದು ಭಯ ಹೆಚ್ಚಾದರೆ ನಗು ಬತ್ತಿಹೋಗುತ್ತದೆ. ಭಯದಿಂದ ನಗುವಿಗೆ ದಾಟುವ ಜಾಗ ಕಳ್ಳನ ಸ್ವಂತ ಜಂಬದಲ್ಲಿದೆ. ಸದಾರಮೆಯ ನಯವಾದ ಮಾತಿನಲ್ಲಿ ಅವನಿಗೆ ಒಲವು ಕೇಳಿಸುತ್ತದೆ, ಪ್ರೇಕ್ಷಕರಿಗೆ ಉಪಾಯ ಕೇಳಿಸುತ್ತದೆ. ಒಂದೇ ಮಾತಿಗೆ ಎರಡು ಕಿವಿ. ನಟ ತಾನು ಪೆದ್ದನೆಂದು ಒಂದು ಗಳಿಗೆ ಮೊದಲೇ ತೋರಿಸಿಕೊಟ್ಟರೆ ಅವಳ ಅಪಾಯ ಕರಗಿ ದೃಶ್ಯ ಬರೀ ಕುಚೇಷ್ಟೆಯಾಗುತ್ತದೆ. ಆದ್ದರಿಂದ ಅವನು ಕೊನೆಯವರೆಗೂ ತನ್ನ ಗೆಲುವನ್ನು ಪೂರ್ತಿ ನಂಬಿರಬೇಕು. ಜನ ನಕ್ಕಷ್ಟೂ ಅವನು ಗಂಭೀರನಾಗಬೇಕು, ‘ಒನ್ಸ್ ಮೋರ್’ ಬಂದರೆ ಅದೇ ನಂಬಿಕೆಯನ್ನು ಮೊದಲಿನಿಂದ ಕಟ್ಟಬೇಕು.

ಇನ್ನೂ ಒಂದು ಮಾತಿದೆ, ಅದನ್ನು ಯಾವ ಸಮಾರಂಭದಲ್ಲೂ ನಾನು ಕೇಳಿಲ್ಲ. ಕಂಪನಿ ನಾಟಕದಲ್ಲಿ ಮಾಲೀಕನಾದವನು ರಾಜಪಾರ್ಟಿಗೆ ಆಸೆಪಡುವುದು ಸಹಜ. ಕಂಪನಿಯ ಯಜಮಾನರಾಗಿದ್ದ ವೀರಣ್ಣನವರು ಒಬ್ಬ ಹೆಣ್ಣಿನ ಬುದ್ಧಿಗೆ ಸೋಲುವ ಕಳ್ಳನ ಪಾರ್ಟನ್ನು ಆರಿಸಿಕೊಂಡರು. ಅವರು ಚೆನ್ನಾಗಿ ಸೋತಷ್ಟೂ ಸದಾರಮೆ ದೊಡ್ಡವಳಾಗುತ್ತಿದ್ದಳು. ಹಾಸ್ಯನಟ ಎದುರಿನವರನ್ನು ಎತ್ತಿ ನಿಲ್ಲಿಸುವ ಈ ವಿದ್ಯೆ ಆನೆ ತರುವ ಸಾಹಸಕ್ಕಿಂತ ನೂರು ಪಾಲು ಅಪರೂಪದ್ದು.

ಈಗ ನಮ್ಮ ವಿಮರ್ಶಕರ ಮಾತಿಗೆ ಬರುತ್ತೇನೆ. ಎಪ್ಪತ್ತರ ದಶಕದ ಹವ್ಯಾಸಿ ರಂಗಭೂಮಿಯ ಉತ್ಸಾಹದಲ್ಲಿ ಒಂದು ಬಣ ಕಂಪನಿ ನಾಟಕವನ್ನೆಲ್ಲ ಝಗಮಗ, ಅಗ್ಗದ ಹಾಸ್ಯ ಎಂದು ತಳ್ಳಿಹಾಕಿತು. ಅದಕ್ಕೆ ಎದುರಾಗಿ ನಿಂತ ಇನ್ನೊಂದು ಬಣ ಅದೇ ಝಗಮಗವನ್ನು ವೈಭವ ಎಂದು ಕೊಂಡಾಡಿತು. ಇಬ್ಬರೂ ನೋಡಿದ್ದು ಆನೆಯನ್ನೇ. ಒಬ್ಬರು ಬೈದರು, ಒಬ್ಬರು ಹೊಗಳಿದರು. ನಟನ ಕೆಲಸವನ್ನು ಇಬ್ಬರೂ ಬಿಡಿಸಿ ನೋಡಲಿಲ್ಲ. ಮೊದಲ ಬಣದವರು ತಮ್ಮ ನಾಯಕನೆಂದು ತೋರಿಸುವ ಬಿ.ವಿ. ಕಾರಂತರು ಹುಡುಗನಾಗಿ ಓಡಿಬಂದು ಸೇರಿದ್ದು ಇದೇ ಗುಬ್ಬಿ ಕಂಪನಿಯನ್ನು. ಅವರ ರಂಗಸಂಗೀತದ ಬೇರು ಕಂಪನಿಯ ಮಟ್ಟುಗಳಲ್ಲಿದೆ. ಕಾರಂತರನ್ನು ಮೆಚ್ಚಿ ಕಂಪನಿಯನ್ನು ಹೀಗಳೆಯುವುದು ಮರದ ಹಣ್ಣು ತಿಂದು ಬೇರಿಗೆ ಕೊಡಲಿ ಹಾಕಿದಂತೆ. ಎರಡನೆಯ ಬಣದವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ‘ಕುರುಕ್ಷೇತ್ರ’ವೇ ಶಿಖರವಾಗಿದ್ದರೆ, 1976ರಲ್ಲಿ ‘ಸ್ಪಂದನ’ ಕಟ್ಟಿದ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಮತ್ತೆ ಕೈಗೆತ್ತಿಕೊಂಡದ್ದು ‘ಸದಾರಮೆ’ಯನ್ನು ಏಕೆ? ಅಜ್ಜನ ಕಳ್ಳನ ಪಾರ್ಟನ್ನು ತಾವೇ ಏಕೆ ಹಾಕಿದರು? ಆನೆ ಹೋದ ಮೇಲೆ ಆನೆಯ ನಾಟಕ ಉಳಿಯಲಿಲ್ಲ. ಕಳ್ಳ ಮಾತ್ರ ಗಂಡು ಹೆಣ್ಣಿನ ಗಡಿ ದಾಟಿ ಇನ್ನೊಂದು ದೇಹದಲ್ಲಿ ಬದುಕಿಕೊಂಡ.

ಅರಸೀಕೆರೆಯವನಾದ ನನಗೆ ಇಲ್ಲಿ ಇನ್ನೊಂದು ಬೇಸರವೂ ಇದೆ. ಗುಬ್ಬಿ, ತಿಪಟೂರು, ಅರಸೀಕೆರೆ ಒಂದೇ ರೈಲು ದಾರಿಯ ಊರುಗಳು. ತಿಪಟೂರು ನರಸಿಂಹರಾಜು ಅವರನ್ನು ಕೊಟ್ಟಿತು, ಅರಸೀಕೆರೆ ಟಿ.ಎನ್. ಬಾಲಕೃಷ್ಣ ಅವರನ್ನು ಕೊಟ್ಟಿತು. ಬಾಲಣ್ಣನವರಿಗೆ ಕಿವಿ ಮಂದ. ನಾಟಕ ಕಂಪನಿಗಳಲ್ಲಿ ಪಳಗಿದ ಅವರು ಎದುರಿನವರ ತುಟಿ ನೋಡಿ ಮಾತಿಗೆ ಮಾತು ಜೋಡಿಸಿದರು. ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಗಮನವಿಟ್ಟು ನೋಡಿ. ತಾನು ಮಾತಾಡದಾಗಲೂ ಅವರ ಕಣ್ಣು ಎದುರಿನವರ ಮುಖ ಬಿಡುವುದಿಲ್ಲ. ಪಕ್ಕದವನ ಮಾತಿಗೆ ಮೈಯೆಲ್ಲ ಒಡ್ಡಿ ನಿಲ್ಲುವ ಆ ನಟನೆ ಸದಾರಮೆಯ ಕಳ್ಳನ ಮನೆತನದ್ದೇ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಒಟ್ಟಾಗಿ 1960ರಲ್ಲಿ ‘ರಣಧೀರ ಕಂಠೀರವ’ ತಂದಾಗ ಅವರ ಬಂಡವಾಳ ಕಂಪನಿ ಕಲಿಸಿದ ಈ ವಿದ್ಯೆಯೇ ಆಗಿತ್ತು. ಹಾಗಿದ್ದರೂ ಕಂಪನಿಯ ನೆನಪಿನ ಹಬ್ಬಗಳಲ್ಲಿ ಇಂಥವರೆಲ್ಲ ‘ಮತ್ತು ಇತರರು’. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹದಡಿ ಹೆಸರು ಬರೆದುಕೊಂಡರು. ವಿಷ್ಣುವರ್ಧನನ ದೇವಾಲಯ ಅದರಿಂದ ಸಣ್ಣದಾಗಲಿಲ್ಲ. ವೀರಣ್ಣನವರೂ ಸಣ್ಣವರಾಗುವುದಿಲ್ಲ.

2034ಕ್ಕೆ ಕಂಪನಿಗೆ ನೂರೈವತ್ತು, ‘ಕುರುಕ್ಷೇತ್ರ’ಕ್ಕೆ ನೂರು, ಮುತ್ತುರಾಜನನ್ನು ರಾಜ್‌ಕುಮಾರ್ ಮಾಡಿದ ‘ಬೇಡರ ಕಣ್ಣಪ್ಪ’ಕ್ಕೆ ಎಂಬತ್ತು. ಮೂರೂ ಒಂದೇ ವರ್ಷ ಬರುತ್ತಿವೆ. ಅಕಾಡೆಮಿಯವರು ಆ ಹೊತ್ತಿಗೆ ಆನೆಯ ಫೋಟೋ ದೊಡ್ಡದು ಮಾಡಿಸುವುದನ್ನು ಬಿಟ್ಟು ಮೂರು ಕೆಲಸ ಮಾಡಲಿ. ಕಂಪನಿಯಲ್ಲಿ ಪಾರ್ಟು ಮಾಡಿದವರು, ಹಾರ್ಮೋನಿಯಂ ನುಡಿಸಿದವರು, ಪರದೆ ಬರೆದವರ ಹೆಸರುಗಳು ಸಿಕ್ಕಷ್ಟನ್ನೂ ಪುಸ್ತಕವಾಗಿ ತರಲಿ. ರಂಗಗೀತೆಗಳ ಮಟ್ಟು ಬಲ್ಲ ಹಿರಿಯರಿಂದ ಹಾಡಿಸಿ ಉಳಿಸಿಕೊಳ್ಳಲಿ. ‘ಸದಾರಮೆ’ಯ ಕಳ್ಳನ ದೃಶ್ಯವನ್ನು ನಟನಾ ಶಾಲೆಗಳಲ್ಲಿ ಪಾಠವಾಗಿ ಇಡಲಿ. ಇಷ್ಟಾದರೆ ಆ ಹಬ್ಬಕ್ಕೆ ಅರ್ಥವಿರುತ್ತದೆ. ಆಗದಿದ್ದರೆ ನಾವು ಎಣಿಸಿದ್ದು ಬರೀ ವರ್ಷ.