ಗುರುದತ್ತರ ಚಿತ್ರಗಳಲ್ಲಿ ಗುರುವಿನ ನೃತ್ಯ

ನೃತ್ಯವನ್ನು ಕಲಿತವನು ಚಲಚ್ಚಿತ್ರಕ್ಕೆ ಹೋದನೆಂದರೆ ಕಲೆಯನ್ನು ಕಳೆದುಕೊಂಡನೆಂದು ಹೇಳುವುದು ನಮ್ಮಲ್ಲಿ ಒಂದು ರೂಢಿಯಾಗಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅದು ಪೂರ್ಣಸತ್ಯವೇ ಎಂಬುದನ್ನು ಪರೀಕ್ಷಿಸಲು ಪುಣೆಗೂ ಕನ್ನಡನಾಡಿಗೂ ಸಮಾನವಾಗಿ ಸಂಬಂಧಿಸಿದ ನಿದರ್ಶನವೊಂದುಂಟು. ಅದು ಉದಯಶಂಕರರ ಶಿಷ್ಯರಾದ ಗುರುದತ್ತ ಪಡುಕೋಣೆಯವರದು.

1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಬೆಳೆದ ಗುರುದತ್ತರು ಉದಯಶಂಕರರ ನೃತ್ಯಕ್ಕೆ ಮನಸೋತು 1942ರಲ್ಲಿ ಅಲ್ಮೋರದ ಕಲಾಕೇಂದ್ರವನ್ನು ಸೇರಿದರು. ಶಂಕರನ್ ನಂಬೂದಿರಿಯವರಿಂದ ಕಥಕಳಿಯೂ, ಕಂದಪ್ಪ ಪಿಳ್ಳೆಯವರಿಂದ ಭರತನಾಟ್ಯವೂ, ಅಮೋಬಿ ಸಿಂಗರಿಂದ ಮಣಿಪುರಿಯೂ ಒಂದೇ ಸೂರಿನಡಿ ಬೋಧಿಸಲ್ಪಡುತ್ತಿದ್ದ ಸ್ಥಳವದು. ಉದಯಶಂಕರರು ಲಂಡನ್ನಿನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, 1923ರಲ್ಲಿ ಅನ್ನಾ ಪಾವ್ಲೋವಾಳ ತಂಡದೊಡನೆ ನರ್ತಿಸಿದವರು. ರಂಗವನ್ನು ಅವರು ಕಂಡದ್ದು ಚಿತ್ರಕಾರನ ಕಣ್ಣಿನಿಂದ. ಯಾವ ದೇಹವು ಎಲ್ಲಿ ನಿಲ್ಲಬೇಕು, ಬೆಳಕು ಯಾರ ಮೇಲೆ ಬೀಳಬೇಕು, ಗುಂಪು ಹೇಗೆ ಕೂಡಿ ಹೇಗೆ ಚದುರಬೇಕು ಎಂಬ ವಿಚಾರಗಳಿಗೆ ಅವರಲ್ಲಿ ಹೆಜ್ಜೆಯಷ್ಟೇ ಮಹತ್ತ್ವ. ಸ್ವಂತ ಕಲ್ಪನೆಯಿಂದ ಚಲನೆಯನ್ನು ರಚಿಸುವುದೂ ಅಲ್ಲಿನ ಶಿಕ್ಷಣದ ಭಾಗವಾಗಿತ್ತು.

1944ರಲ್ಲಿ ಗುರುದತ್ತರು ಪುಣೆಗೆ ಬಂದು ಪ್ರಭಾತ ಚಿತ್ರಸಂಸ್ಥೆಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ನೌಕರಿ ಹಿಡಿದರು. 1945ರ ‘ಲಾಖಾರಾಣಿ’ಯಲ್ಲಿ ವಿಶ್ರಾಮ ಬೇಡೇಕರರ ಕೈಕೆಳಗೆ ಸಹಾಯಕರಾಗಿಯೂ, 1946ರ ‘ಹಮ್ ಏಕ್ ಹೈಂ’ ಚಿತ್ರದಲ್ಲಿ ನೃತ್ಯ ನಿರ್ದೇಶಕರಾಗಿಯೂ ದುಡಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಉದಯಶಂಕರರ ‘ಕಲ್ಪನಾ’ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಸಿದ್ಧವಾಗಿ ತೆರೆಕಂಡದ್ದು 1948ರಲ್ಲಿ. ಅಂದರೆ ಗುರುವಿನ ಚಿತ್ರ ಹೊರಬರುವ ಮೊದಲೇ ಶಿಷ್ಯನು ಚಿತ್ರಕ್ಕಾಗಿ ನೃತ್ಯವನ್ನು ಸಂಯೋಜಿಸಿದ್ದನು. ಆದುದರಿಂದ ಇಲ್ಲಿಯ ಗುರುಭಕ್ತಿಯನ್ನು ಅನುಕರಣೆಯೆಂದು ಕರೆಯುವಂತಿಲ್ಲ.

ಹಾಗಾದರೆ ಅದು ಯಾವ ರೂಪದಲ್ಲಿ ಉಳಿಯಿತು? ‘ಪ್ಯಾಸಾ’ (1957) ಚಿತ್ರದ ವೇಶ್ಯಾಗೃಹದ ದೃಶ್ಯವನ್ನು ನೋಡೋಣ. ನರ್ತಕಿಯೊಬ್ಬಳು ಕುಣಿಯುತ್ತಿರುವಾಗ ಅವಳ ಕೂಸಿನ ಅಳು ಕೇಳಿಬರುತ್ತದೆ. ನೆರೆದವರು ಕುಣಿತವನ್ನು ನಿಲ್ಲಿಸಗೊಡುವುದಿಲ್ಲ. ಗೆಜ್ಜೆಯ ಸದ್ದೂ ಕೂಸಿನ ಅಳುವೂ ಒಂದನ್ನೊಂದು ಇರಿಯುತ್ತವೆ. ನೃತ್ಯದ ಸೊಬಗನ್ನು ತೋರಿಸುವುದು ಇಲ್ಲಿ ಉದ್ದೇಶವಲ್ಲ. ಸೊಬಗನ್ನು ಕೊಳ್ಳುವವರ ಕ್ರೌರ್ಯವನ್ನು ನೃತ್ಯದಿಂದಲೇ ತೋರಿಸಲಾಗಿದೆ. ಕುಣಿಯುವ ದೇಹವು ಪಡುವ ಬವಣೆಯನ್ನು ತಾನೂ ನರ್ತಿಸಿ ಅರಿತ ನಿರ್ದೇಶಕನಿಗೆ ಇಂಥ ದೃಶ್ಯವು ದೊರೆತದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರಿದಾದ ಸ್ಟುಡಿಯೋದಲ್ಲಿ ನಾಯಕನೂ ನಾಯಿಕೆಯೂ ಹೆಚ್ಚುಕಡಮೆ ನಿಶ್ಚಲರಾಗಿ ನಿಂತಿದ್ದಾರೆ. ಮೇಲಿಂದ ಬೆಳಕಿನ ಕಂಬವೊಂದು ಇಳಿದಿದೆ. ಅವರ ಛಾಯಾರೂಪಗಳು ದೇಹಗಳಿಂದ ಬೇರ್ಪಟ್ಟು ಪರಸ್ಪರ ಸಮೀಪಿಸುತ್ತವೆ. ಅಲ್ಲಿ ನರ್ತಿಸುವುದು ಕಾಲಲ್ಲ, ಬೆಳಕು ಮತ್ತು ಕ್ಯಾಮರಾ. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಕನ್ನಡಿಗಳಿಂದ ಸೂರ್ಯಪ್ರಕಾಶವನ್ನು ಪ್ರತಿಫಲಿಸಿ ಆ ಬೆಳಕನ್ನು ಸಾಧಿಸಿದರು.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಬೆಳಕಿನ ಕೌಶಲವು ಮೂರ್ತಿಯವರದು, ಚಿತ್ರವಿದ್ಯೆಯು ಪುಣೆಯ ಸ್ಟುಡಿಯೋದಲ್ಲಿ ಕಲಿತದ್ದು, ಅಲ್ಮೋರದ ಎರಡು ವರ್ಷಗಳಿಗೆ ಇಷ್ಟೊಂದು ಯಶಸ್ಸನ್ನು ಸಲ್ಲಿಸುವುದು ಸರಿಯೇ? ಈ ಆಕ್ಷೇಪವು ಯುಕ್ತವಾದದ್ದೇ. ‘ಪ್ಯಾಸಾ’ದ ಸ್ವಪ್ನಗೀತದಲ್ಲಿ ಮಂಜು, ಮೆಟ್ಟಿಲು, ಬಲೂನುಗಳ ನಡುವೆ ನರ್ತನವು ಕೇವಲ ಅಲಂಕಾರವಾಗಿ ಉಳಿದಿರುವುದನ್ನೂ ಒಪ್ಪಬೇಕು. ಕಲಿತ ವಿದ್ಯೆಯು ಎಲ್ಲೆಡೆಯೂ ಫಲಿಸಲಿಲ್ಲ. ಆದರೆ ಕೌಶಲವು ಯಾರದಾದರೂ ಆಗಲಿ, ಇಬ್ಬರನ್ನು ಇಷ್ಟು ದೂರದಲ್ಲಿ ನಿಲ್ಲಿಸಿ ನಡುವಣ ಶೂನ್ಯವನ್ನೇ ಮಾತಾಡಿಸಬೇಕೆಂಬ ದೃಷ್ಟಿಯು ರಂಗಸಂಯೋಜಕನದು. ಆ ದೃಷ್ಟಿಯ ಬೀಜವು ಅಲ್ಮೋರದ್ದೆಂದು ಊಹಿಸಲು ಅಡ್ಡಿಯಿಲ್ಲ.

ಗುರುಶಿಷ್ಯರ ಈ ಎರಡು ಚಿತ್ರಗಳಲ್ಲಿ ಇನ್ನೊಂದು ಸಾದೃಶ್ಯವಿದೆ. ‘ಕಲ್ಪನಾ’ದಲ್ಲಿ ಲೇಖಕನೊಬ್ಬನು ಕಲಾಕೇಂದ್ರದ ಕನಸಿನ ಕಥೆಯನ್ನು ಚಿತ್ರನಿರ್ಮಾಪಕನಿಗೆ ಹೇಳುತ್ತಾನೆ, ನಿರ್ಮಾಪಕನು ತಿರಸ್ಕರಿಸುತ್ತಾನೆ. ‘ಕಾಗಜ್ ಕೆ ಫೂಲ್’ದ ನಿರ್ದೇಶಕನು ಎಲ್ಲರಿಂದ ಮರೆಯಲ್ಪಟ್ಟು ಸ್ಟುಡಿಯೋದ ತನ್ನ ಕುರ್ಚಿಯಲ್ಲಿಯೇ ಕೊನೆಯುಸಿರೆಳೆಯುತ್ತಾನೆ. ಕಲೆಗೂ ಹಣಕ್ಕೂ ನಡೆಯುವ ತಿಕ್ಕಾಟವನ್ನು ಇಬ್ಬರೂ ಚಿತ್ರದೊಳಗೇ ನಿಂತು ಚಿತ್ರಿಸಿದರು. ಅದರ ಹೊರಗೆ ನಿಂತು ಶಪಿಸಲಿಲ್ಲ. ಎರಡೂ ಚಿತ್ರಗಳು ಹಣ ತರಲಿಲ್ಲ. ಆ ಬಳಿಕ 1964ರಲ್ಲಿ ತೀರಿಕೊಳ್ಳುವವರೆಗೂ ಗುರುದತ್ತರು ನಿರ್ದೇಶಕರೆಂದು ತಮ್ಮ ಹೆಸರನ್ನು ಮತ್ತಾವ ಚಿತ್ರಕ್ಕೂ ಹಾಕಲಿಲ್ಲ.

ಚಲಚ್ಚಿತ್ರಕ್ಕೆ ಹೋದ ನರ್ತಕನು ಕಲೆಯನ್ನು ಕಳೆದುಕೊಂಡನೋ ಇಲ್ಲವೋ ಎಂಬುದನ್ನು ಅವನು ಎಷ್ಟು ಹೆಜ್ಜೆಗಳನ್ನು ಉಳಿಸಿಕೊಂಡನೆಂದು ಎಣಿಸಿ ನಿರ್ಣಯಿಸಲಾಗದು. ಗುರುವು ಕೊಟ್ಟ ದೃಷ್ಟಿಯನ್ನು ಹೊಸ ಮಾಧ್ಯಮದಲ್ಲಿ ದುಡಿಸಿದನೇ ಎಂಬುದೇ ಅಳತೆಗೋಲು. ಆ ಅಳತೆಯಿಂದ ನೋಡಿದರೆ ಗುರುದತ್ತರು ಋಣವನ್ನು ಮರೆತವರಲ್ಲ, ತೀರಿಸಿದವರು.