ಗೇಣಿ ಸಿಗದ ಚೋಮ, ಬಂಗಾರವಾದ ರಾಜೀವ

ಕನ್ನಡ ಸಿನಿಮಾದ ಸುವರ್ಣಯುಗ ಎಂದರೆ ಎಪ್ಪತ್ತರ ದಶಕ ಎನ್ನುವುದು ಯಾರೂ ಪ್ರಶ್ನಿಸದ ಮಾತಾಗಿಬಿಟ್ಟಿದೆ. ಯಾರಿಗೆ ಸುವರ್ಣ ಎಂದು ಕೇಳಿದರೆ ಇವನದು ಬರೀ ಕೊಂಕು ಅನ್ನುತ್ತಾರೆ. ಆದರೆ ನಾನು ಆ ಸಿನಿಮಾಗಳನ್ನು ಪ್ರೀತಿಸಿಯೇ ಬೆಳೆದವನು. ಟೂರಿಂಗ್ ಟಾಕೀಸಿನ ನೆಲದಲ್ಲಿ ಕೂತು, ಅಪ್ಪನ ತೊಡೆಗೆ ಒರಗಿ ನೋಡಿದ 'ಬಂಗಾರದ ಮನುಷ್ಯ' ಇವತ್ತಿಗೂ ಕಣ್ಣಲ್ಲಿದೆ. ಪ್ರೀತಿ ಇರುವುದರಿಂದಲೇ ಈ ಜಗಳ.

ಸಿದ್ದಲಿಂಗಯ್ಯನವರ ನಿರ್ದೇಶನದ 'ಬಂಗಾರದ ಮನುಷ್ಯ' ಬಂದದ್ದು 1972ರಲ್ಲಿ. ಬಿ.ವಿ. ಕಾರಂತರ 'ಚೋಮನ ದುಡಿ' 1975ರಲ್ಲಿ. ಒಂದು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಇನ್ನೊಂದಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ನಮ್ಮ ವಿಮರ್ಶೆ ಒಂದನ್ನು ಜನಪ್ರಿಯ ಎಂದು, ಇನ್ನೊಂದನ್ನು ಕಲಾತ್ಮಕ ಎಂದು ಬೇರೆ ಬೇರೆ ಗೂಟಕ್ಕೆ ಕಟ್ಟಿತು. ಆದರೆ ಎರಡೂ ಭೂಮಿಯ ಕತೆಗಳೇ. ಒಟ್ಟಿಗೆ ಇಟ್ಟು ನೋಡಿದರೆ ಒಂದು ಬಿಟ್ಟದ್ದನ್ನು ಇನ್ನೊಂದು ಹೇಳುತ್ತದೆ.

ರಾಜೀವ ಓದಿದವನು. ಹಳ್ಳಿಗೆ ಬಂದು ಕಲ್ಲುಬಂಡೆಯ ಬರಡು ನೆಲವನ್ನು ಹಸನು ಮಾಡುತ್ತಾನೆ. ಅವನಿಗೆ ಸಾಲ ಕೊಡುವವರಿದ್ದಾರೆ, ನಂಬುವವರಿದ್ದಾರೆ. ಒಡೆಯನ ಮನೆಯಲ್ಲಿ ಜೀತಕ್ಕಿದ್ದ ನನ್ನ ಅಪ್ಪ ಆ ದೃಶ್ಯಕ್ಕೆ 'ಹಂಗೇ, ಹಂಗೇ' ಎಂದು ತೊಡೆ ತಟ್ಟಿದ್ದ. ಅಂಥ ಎಷ್ಟೋ ನೆಲ ಹಸನು ಮಾಡಿದ ಕೈ ಅದು. ಅದರಲ್ಲಿ ಒಂದು ಗುಂಟೆಯೂ ಅವನದಲ್ಲ. ದುಡಿಮೆಯಿಂದ ಮಣ್ಣು ಹೊನ್ನಾಗುತ್ತದೆ ಎಂಬುದು ಸಿನಿಮಾದ ಮಾತು. ದುಡಿಮೆಯೊಂದೇ ಸಾಕಾಗಿದ್ದರೆ ಈ ನಾಡಿನ ಹೊಲಗೇರಿ ಮಾದಿಗರ ಕೇರಿಗಳೆಲ್ಲ ಬಂಗಾರದ ಗಣಿಗಳಾಗಿರಬೇಕಿತ್ತು.

ಇನ್ನು ಚೋಮ. ಶಿವರಾಮ ಕಾರಂತರ ಕಾದಂಬರಿ 1933ರದು. ಚೋಮನ ಹತ್ತಿರ ಜೋಡಿ ಎತ್ತುಗಳಿವೆ, ಉಳುವ ಆಸೆ ಇದೆ. ಅವನು ಭೂಮಿಯ ಒಡೆತನ ಕೇಳಲಿಲ್ಲ, ಕೇಳಿದ್ದು ಗೇಣಿಯನ್ನು. ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಮೆತ್ತಗಾದರೂ ಅವನ ತಾಯಿ ಅಡ್ಡ ಬರುತ್ತಾಳೆ. ಹೊಲೆಯ ಬೇಸಾಯಗಾರನಾಗಬಾರದು, ಅಷ್ಟೆ. ಮುಂದೆ ತೋಟದ ಸಾಲ, ಜ್ವರ, ಸಾವು. ನೀರಿಗೆ ಬಿದ್ದ ಮಗನನ್ನು ಮೈಲಿಗೆಗೆ ಅಂಜಿ ಯಾರೂ ಎತ್ತುವುದಿಲ್ಲ. ಕೊನೆಗೆ ಎತ್ತುಗಳನ್ನು ಬಿಟ್ಟು, ನೇಗಿಲು ಮುರಿದು, ದುಡಿ ಬಡಿಯುತ್ತಾ ಚೋಮ ಸಾಯುತ್ತಾನೆ.

ವಾಸುದೇವರಾಯರ ಚೋಮನನ್ನು ನೋಡಿ ನಮ್ಮ ವಿಮರ್ಶಕರು ದುರಂತ ನಾಯಕ ಎಂದರು, ಮನುಷ್ಯನ ಮೂಲಭೂತ ಒಂಟಿತನ ಎಂದರು. ನಟನೆ ದೊಡ್ಡದು, ನಿಜ. ಆದರೆ ಇದು ವಿಧಿಯ ಕತೆ ಅಲ್ಲ, ಕಂದಾಯ ದಾಖಲೆಯ ಕತೆ. ಸ್ವಲ್ಪ ಲೆಕ್ಕ ಹಾಕಿ ನೋಡಿ.

ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಕಾನೂನಾಯಿತು. ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರು. ಚೋಮನ ಸೀಮೆಯಾದ ದಕ್ಷಿಣ ಕನ್ನಡದಲ್ಲಿ ಚಾಲಗೇಣಿಯ ಎಷ್ಟೋ ಒಕ್ಕಲುಗಳು ಒಡೆಯರಾದರು. ಒಳ್ಳೆಯದೇ ಆಯಿತು. ಆದರೆ ಆ ಅರ್ಜಿ ಹಾಕಬೇಕಾದರೆ ಮೊದಲು ಗೇಣಿದಾರ ಆಗಿರಬೇಕಿತ್ತು. ಗೇಣಿಗೇ ಅಯೋಗ್ಯನೆಂದು ತಳ್ಳಿಸಿಕೊಂಡ ಮೂಲದಾಳಿನ ಮೊಮ್ಮಗ ಯಾವ ನಮೂನೆ ತುಂಬಬೇಕು? ಸಂಕಪ್ಪಯ್ಯನ ಮನೆಯಲ್ಲಿ 'ಇಲ್ಲ' ಅಂದದ್ದು ಒಬ್ಬ ಮುದುಕನಿಗಲ್ಲ, ಮೂರು ತಲೆಮಾರಿಗೆ. ಸಿನಿಮಾ ಬಂದದ್ದು ಆ ಕಾನೂನು ಬಂದ ಮರುವರ್ಷ. ಹಾಗಿದ್ದೂ ಚೋಮನನ್ನು ಹಳೆಯ ಕಾಲದ ದುಃಖವೆಂದು ನೋಡಿ ಕಣ್ಣೊರೆಸಿಕೊಂಡು ಎದ್ದುಹೋಗಲು ಸಾಧ್ಯವಾಯಿತು. ಕರುಣೆಗೆ ಇಂಥದೊಂದು ಅನುಕೂಲ ಇದೆ, ಅದು ಪಹಣಿ ಕೇಳುವುದಿಲ್ಲ.

ಎಷ್ಟೋ ವರ್ಷದ ಮೇಲೆ ಕೇರಿಯ ಟಿ.ವಿ.ಯಲ್ಲಿ 'ಚೋಮನ ದುಡಿ' ನೋಡಿದ ನನ್ನ ಅವ್ವ ಅಳಲಿಲ್ಲ. 'ಅಲ್ಲ ಕಣಪ್ಪ, ಅವ್ನ ಕೇರೀಲಿ ಬ್ಯಾರೆ ಯಾರೂ ಇರ್ನಿಲ್ವಾ? ನಾಕ್ ಜನ ಕೂಡಿ ಯಾಕೆ ಕೇಳ್ನಿಲ್ಲ?' ಅಂದಳು. ಇಷ್ಟು ನೇರವಾದ ಪ್ರಶ್ನೆಯನ್ನು ಆ ಚಿತ್ರದ ಬಗ್ಗೆ ನಾನು ಬೇರೆಲ್ಲೂ ಕೇಳಿಲ್ಲ. 1973ರ ಬೂಸಾ ಚಳವಳಿಯ ಹೊತ್ತಿಗೆ ದಲಿತರು ಬೀದಿಗೆ ಬಂದಾಗಿತ್ತು. ಹೊಸ ಅಲೆಯ ಕ್ಯಾಮೆರಾ ಮಾತ್ರ ಗುಡಿಸಲ ಕತ್ತಲಲ್ಲಿ ಒಬ್ಬನೇ ಕೂತ ದಲಿತನನ್ನು ಹುಡುಕುತ್ತಿತ್ತು.

ರಾಜೀವ ಕೊನೆಗೆ ಎಲ್ಲವನ್ನೂ ತೊರೆದು ನಡೆದುಹೋಗುತ್ತಾನೆ. ಟಾಕೀಸೇ ಬಿಕ್ಕಿತು, ನಾನೂ ಅತ್ತೆ. ಈಗ ಅನ್ನಿಸುತ್ತದೆ, ಬಿಟ್ಟು ಹೋಗೋದಕ್ಕೂ ಮೊದಲು ಇರಬೇಕಲ್ಲ. ತ್ಯಾಗಕ್ಕೂ ಪಹಣಿ ಬೇಕು. ಚೋಮನಿಗೆ ಬಿಡಲು ಇದ್ದದ್ದು ಎರಡು ಎತ್ತು.

ಇದೆಲ್ಲ ಹಳೇ ಸಿನಿಮಾದ ಮಾತು ಎನ್ನಬೇಡಿ. 2020ರ ತಿದ್ದುಪಡಿ ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿಗಳನ್ನು ತೆಗೆದುಹಾಕಿತು. ದುಡ್ಡಿದ್ದ ಯಾರೂ ಈಗ ಹೊಲ ಕೊಳ್ಳಬಹುದು. ಹಳ್ಳಿಗೆ ಮರಳುವ ಹೊಸ ರಾಜೀವರಿಗೆ ದಾರಿ ಸಲೀಸು. ಚೋಮನ ಮಕ್ಕಳು ಅದೇ ಹೊಲಕ್ಕೆ ಕೂಲಿಗೆ ಹೋಗುತ್ತಾರೆ.

ಆದ್ದರಿಂದ ಗೆಳೆಯರೇ, ಆ ಸಿನಿಮಾಗಳನ್ನು ಸುಡುವುದು ಬೇಡ. ಕೇರಿಕೇರಿಗಳಲ್ಲಿ ಎರಡನ್ನೂ ಒಂದೇ ರಾತ್ರಿ, ಒಂದರ ಹಿಂದೆ ಒಂದು ತೋರಿಸೋಣ. ಮುಗಿದ ಮೇಲೆ ದೀಪ ಹಾಕಿ, ನಮ್ಮ ಅವ್ವಂದಿರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳೋಣ. ನಮ್ಮ ವಿಮರ್ಶೆ ಅಲ್ಲಿಂದ ಶುರುವಾಗಲಿ.