ಕೋತರ ಕೊಳ್, ತೊಡೆಗೆ ಸಿಗದ ತಾಳ

ಕೋತ ಬುಡಕಟ್ಟಿನವರು ಊದುವ ಪೀಪಿವಾದ್ಯ ಕೊಳ್ ಮೊದಲ ಸಲ ಕಿವಿಗೆ ಬಿದ್ದಾಗ ನಮ್ಮ ಕೈ ತಾನಾಗಿ ತೊಡೆಯ ಮೇಲೆ ತಾಳ ಹುಡುಕುತ್ತದೆ. ಸಿಗುವುದಿಲ್ಲ. ವಾಲಗಕ್ಕೂ ಚೆಂಡೆಗೂ ಪಳಗಿದ ಕನ್ನಡದ ಕಿವಿಗೆ ಇದೊಂದು ಸಣ್ಣ ಅವಮಾನ. ಚರ್ಮವಾದ್ಯಗಳು ತಮ್ಮ ಪಾಡಿಗೆ ಸುತ್ತು ಸುತ್ತುತ್ತಿವೆ, ಮೇಲೆ ಕೊಳ್ ತನ್ನ ಪಾಡಿಗೆ ಹರಿಯುತ್ತಿದೆ. ಎರಡಕ್ಕೂ ಜಗಳವೇನೋ ಅನಿಸುತ್ತದೆ. ಇನ್ನಷ್ಟು ಹೊತ್ತು ಕೂತರೆ, ಅದು ಜಗಳವಲ್ಲ ಸಲುಗೆ ಎಂದು ತಿಳಿಯುತ್ತದೆ.

ನೀಲಗಿರಿಯ ಕೋತರಿಗೆ ಊರುಗಳು ಏಳೇ. ಬಹುಪಾಲು ಬೆಟ್ಟದ ಮೇಲೆ, ಒಂದು ಗೂಡಲೂರಿನ ಕಡೆ. ಜನ ಎರಡು ಸಾವಿರದ ಆಸುಪಾಸು. ಹಳೆಯ ಕಸುಬೆಂದರೆ ಗಂಡಸರಿಗೆ ಕಬ್ಬಿಣದ ಕೆಲಸ, ಮರಗೆಲಸ, ಮೇಳ; ಹೆಂಗಸರಿಗೆ ಕುಂಬಾರಿಕೆ. ಹಿಂದಿನ ಕಾಲದಲ್ಲಿ ಬೆಟ್ಟದ ನೆರೆಯವರಾದ ಬಡಗರಿಗೂ ತೊದವರಿಗೂ ಕತ್ತಿ, ಕುಡುಗೋಲು, ಮಡಕೆ ಇವರ ಹಟ್ಟಿಯಿಂದಲೇ ಹೋಗಬೇಕಿತ್ತು. ಬಡಗರ ಮನೆಯಲ್ಲಿ ಸಾವಾದರೆ ಮೇಳವೂ ಇವರದೇ. ಬದಲಿಗೆ ಬಡಗರ ಹೊಲದ ಧಾನ್ಯ. ಮೇಳದಲ್ಲಿ ಎರಡು ಕೊಳ್, ತಬಟ್ಕ್ ಎಂಬ ತಮಟೆ, ದೊಬರ್ ಮತ್ತು ಕಿಣ್ವರ್ ಎಂಬ ಉರುಟು ಡೋಲುಗಳು, ಜೊತೆಗೆ ಕೊಬ್ ಎಂಬ ಬಾಗಿದ ಹಿತ್ತಾಳೆ ಕೊಂಬು.

ಕೊಳ್ ಊದುವವನನ್ನು ಹತ್ತಿರದಿಂದ ನೋಡಬೇಕು. ಕೆನ್ನೆ ಉಬ್ಬಿಯೇ ಇರುತ್ತದೆ. ಬಾಯಲ್ಲಿ ಹಿಡಿದಿಟ್ಟ ಗಾಳಿಯನ್ನು ಪೀಪಿಗೆ ಒತ್ತುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾನೆ. ಹಾಗಾಗಿ ಸ್ವರ ತುಂಡಾಗುವುದೇ ಇಲ್ಲ. ಎರಡನೆಯ ಕೊಳ್ಳಿನವನು ಅದೇ ಮಟ್ಟನ್ನು ಹಿಡಿದು ಹಿಂದೆಯೇ ಬರುತ್ತಾನೆ, ಆದರೆ ಒಂದೊಂದು ಕಡೆ ಕೂದಲೆಳೆಯಷ್ಟು ತಡ, ಒಂದೊಂದು ಕಡೆ ಬೇರೆ ತಿರುವು. ಸ್ಟುಡಿಯೋದಲ್ಲಾದರೆ ಇದನ್ನು ತಿದ್ದಿಬಿಡುತ್ತಿದ್ದರು. ಇಲ್ಲಿ ಆ ಅಂತರದಿಂದಲೇ ನಾದಕ್ಕೆ ಮೈ ಬಂದಿದೆ.

ಇನ್ನು ಆ ಸಲುಗೆಯ ಮಾತು. ಅಮೆರಿಕದ ಸಂಗೀತ ವಿದ್ವಾಂಸ ರಿಚರ್ಡ್ ವುಲ್ಫ್, ಸ್ವತಃ ವೀಣೆ ಕಲಿತವರು, 1990ರ ದಶಕದ ಮೊದಲ ವರ್ಷಗಳಲ್ಲಿ ಕೋತರ ನಡುವೆ ಇದ್ದು ಇದನ್ನು ಬಿಡಿಸಿ ನೋಡಿದರು. ಅವರ ಪುಸ್ತಕ ‘ದಿ ಬ್ಲ್ಯಾಕ್ ಕೌಸ್ ಫುಟ್‌ಪ್ರಿಂಟ್’ ಬಂದದ್ದು 2005ರಲ್ಲಿ. ಕಪ್ಪು ಹಸು ಗೊರಸೂರಿದ ಕಡೆಯಲ್ಲೆಲ್ಲ ಊರು ಕಟ್ಟಿದರು ಎಂಬುದು ಕೋತರ ಕಥೆ, ಹೆಸರು ಅಲ್ಲಿಂದ. ವುಲ್ಫ್ ಕಂಡದ್ದಿಷ್ಟು: ಮಟ್ಟು ಪೆಟ್ಟುಪೆಟ್ಟಿಗೂ ಡೋಲಿಗೆ ಅಂಟಿಕೊಳ್ಳುವುದಿಲ್ಲ, ಕೆಲವು ನಿಗದಿಯಾದ ಜಾಗಗಳಲ್ಲಿ ಮಾತ್ರ ಬಂದು ಕೂಡುತ್ತದೆ. ಹಂದರದ ಕಂಬಗಳಿಗೆ ಅಲ್ಲಲ್ಲಿ ಕಟ್ಟಿದ ಬಳ್ಳಿಯ ಹಾಗೆ. ಕಂಬ ಕಂಬದ ನಡುವೆ ಎಷ್ಟು ಜೋಲಬೇಕೆಂಬುದು ಬಳ್ಳಿಗೆ ಬಿಟ್ಟದ್ದು. ಇದು ಗೊತ್ತಾದ ಮೇಲೆ ಕೇಳುವ ಕ್ರಮವೇ ಬದಲಾಗುತ್ತದೆ. ತಾಳ ಎಣಿಸುವುದನ್ನು ಬಿಟ್ಟು, ಕೊಳ್ಳೂ ಡೋಲೂ ಮುಂದೆ ಎಲ್ಲಿ ಕೂಡುತ್ತವೆ ಎಂದು ಕಾಯುತ್ತೇವೆ. ಕೂಡಿದಾಗ ಆಗುವ ಸುಖಕ್ಕೆ ನಮ್ಮಲ್ಲಿ ಸಮಕ್ಕೆ ಬಂದು ನಿಂತಾಗಿನ ತಲೆದೂಗುವಿಕೆಯೇ ಸಾಟಿ, ಆದರೆ ಇಲ್ಲಿ ಕಾಯಿಸುವುದು ಹೆಚ್ಚು.

ಈ ಮೇಳ ನಾವು ಬಲ್ಲ ಬ್ಯಾಂಡಿನ ಹಾಗೂ ಅಲ್ಲ. ಬ್ಯಾಂಡ್ ಎಂದರೆ ನಮಗೆ ಒಂದು ಹೆಸರು, ಕೆಲವು ಆಲ್ಬಮ್, ಕೊನೆಗೊಂದು ಒಡಕು. ಹಳೆಯ ಕಂಟ್ರಿ ಹಾಡಿಗೆ ರಾಕ್ ಗಿಟಾರಿನ ಒರಟುತನ ಬೆರೆಸಿ ‘ಆಲ್ಟರ್ನೇಟಿವ್ ಕಂಟ್ರಿ’ಗೆ ದಾರಿ ಮಾಡಿದ ಅಮೆರಿಕದ ಅಂಕಲ್ ಟುಪೆಲೊ ತಂಡ 1987ರಲ್ಲಿ ಹುಟ್ಟಿ, ನಾಲ್ಕು ಆಲ್ಬಮ್ ಕೊಟ್ಟು, 1994ಕ್ಕೆ ಮುಗಿಯಿತು. ಜೇ ಫ್ಯಾರರ್, ಜೆಫ್ ಟ್ವೀಡಿ ಬೇರೆಬೇರೆಯಾದರು. ಏಳು ವರ್ಷವೆಂದರೆ ಅಲ್ಪಾಯುಷ್ಯ ಎಂದು ಅಭಿಮಾನಿಗಳಿಗೆ ಈಗಲೂ ಕೊರಗು. ಕೋತರ ಮೇಳದ ಆಯುಷ್ಯ ಒಂದು ಕುಣಿತದಷ್ಟೇ. ಊರಿನ ಗಂಡಸರಲ್ಲಿ ಯಾರು ಬಲ್ಲರೋ ಅವರು ವಾದ್ಯ ಎತ್ತಿಕೊಳ್ಳುತ್ತಾರೆ, ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರೆ, ಬಿಳಿ ಉಡುಪಿನ ಗಂಡಸರು ಸುತ್ತ ಕುಣಿಯುತ್ತಾರೆ, ಆಮೇಲೆ ಹೆಂಗಸರು. ಕುಣಿತ ನಿಂತರೆ ಮೇಳ ಚದುರಿತು. ನನಗೆ ಈ ಲೆಕ್ಕವೇ ಹೆಚ್ಚು ಇಷ್ಟ. ಒಡೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಒಡಕು ಬಂದದ್ದು ಬೇರೆ ಕಡೆಯಿಂದ. 1930ರ ದಶಕದ ತಿಕ್ಕಾಟಗಳ ನಂತರ ಬಡಗರು ಕೋತರನ್ನು ಸಾವಿಗೆ ಕರೆಯುವುದು ಕಡಿಮೆಯಾಗುತ್ತ ಬಂತು. ಕರೆ ನಿಂತರೆ ಕಲೆ ಸಾಯುತ್ತದೆಂಬುದು ನಾವು ಪಾಠ ಒಪ್ಪಿಸಿದಂತೆ ಹೇಳುವ ಮಾತು. ಇಲ್ಲಿ ಅದು ಸುಳ್ಳಾಯಿತು. ಕೊಳ್ ತನ್ನ ಅಯ್ಯನೋರ್, ಅಮ್ಮನೋರ್ ದೇವರಿಗಾಗಿ, ತನ್ನವರ ಸಾವಿಗಾಗಿ ನುಡಿಯುತ್ತಲೇ ಇತ್ತು. ಡಿಸೆಂಬರ್–ಜನವರಿಯ ದೇವರ ಹಬ್ಬದಲ್ಲಿ, ಬೆಟ್ಟದ ಮೇಲೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ, ಈಗಲೂ ನುಡಿಯುತ್ತದೆ.

ದೇವರ ಮಟ್ಟು, ಕುಣಿತದ ಮಟ್ಟು, ಸಾವಿನ ಮಟ್ಟು ಇವರಲ್ಲಿ ಬೇರೆಬೇರೆ. ಒಂದರ ಜಾಗಕ್ಕೆ ಇನ್ನೊಂದು ಬರಕೂಡದು. ಪ್ರವಾಸಿಗರ ಮುಂದೆ ಹತ್ತು ನಿಮಿಷದ ‘ಬುಡಕಟ್ಟು ನೃತ್ಯ’ ನೋಡಿ ಬಂದವರು ಕೋತರ ಸಂಗೀತ ಕೇಳಿದೆವೆಂದು ಹೇಳಿಕೊಳ್ಳದಿರುವುದು ಒಳ್ಳೆಯದು. ಊಟಿಗೆ ಹೋದಾಗ ಅವರ ಊರಲ್ಲೇ ಕೇಳುವ ಅವಕಾಶ ಒದಗಿದರೆ, ಹಿರಿಯರನ್ನು ಕೇಳಿಕೊಂಡು ದೂರದಲ್ಲಿ ಕೂತುಕೊಳ್ಳಿ, ಫೋನ್ ಜೇಬಿನಲ್ಲಿರಲಿ, ಒಂದು ಮಟ್ಟನ್ನಾದರೂ ಕೊನೆಯವರೆಗೆ ಕೇಳಿ. ಸಾವಿನ ಮಟ್ಟು ನುಡಿಸಿ ತೋರಿಸಿ ಎಂದು ಮಾತ್ರ ಕೇಳಬೇಡಿ.